ಸುಟ್ಟ ಗುಡ್ಡದ ಲೆಕ್ಕ

ಮಣಿಪಾಲದಲ್ಲಿ ಕೂತು ಸೆಂಟಿನೆಲ್-2 ಉಪಗ್ರಹದ ಫೆಬ್ರವರಿ ಚಿತ್ರಗಳಲ್ಲಿ ಸುಟ್ಟ ಜಾಗ ಹುಡುಕುತ್ತಿದ್ದೇನೆ. ಹಸಿ ಎಲೆ ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್ ಬೆಳಕನ್ನು ಜೋರಾಗಿ ವಾಪಸ್ ಕಳಿಸುತ್ತದೆ. ಸುಟ್ಟರೆ ವಾಪಸ್ ಬರುವ ಆ ಬೆಳಕು ಕುಸಿಯುತ್ತದೆ, ಹಾಗೇ ಕಣ್ಣಿಗೆ ಕಾಣದ ಇನ್ನೊಂದು ಬೆಳಕು, ಶಾರ್ಟ್‌ವೇವ್ ಇನ್‌ಫ್ರಾರೆಡ್, ಸಾಮಾನ್ಯವಾಗಿ ಏರುತ್ತದೆ. ಬೆಂಕಿಯ ಮುಂಚಿನ, ನಂತರದ ಚಿತ್ರ ಹೋಲಿಸಿದರೆ ಆಯ್ತು. ಕೇಳಲಿಕ್ಕೆ ಸುಲಭ, ಅಲ್ವಾ?

ಆದರೆ ಘಟ್ಟದ ಬುಡದಲ್ಲಿ ಕಣಿವೆಯ ನೆರಳೂ ಸುಟ್ಟ ಹಾಗೇ ಕಪ್ಪು. ಎಲೆ ಉದುರಿಸಿ ನಿಂತ ಮರಗಳೂ ಮೋಸ ಮಾಡುತ್ತವೆ. ಹುಲ್ಲಿನ ಮಸಿಯಂತೂ ಗಾಳಿಗೆ ಹಾರುತ್ತದೆ, ಒಂದು ಮಳೆ ಬಿದ್ದರೆ ಚಿಗುರು ಬಂದು ಗುರುತೇ ಸಿಗುವುದಿಲ್ಲ. ಒಂದೊಂದು ಚುಕ್ಕಿ 500 ಮೀಟರ್ ಅಗಲ ಇರುವ ಮೋಡಿಸ್ (ನಾಸಾ ಉಪಗ್ರಹಗಳ ಸಂವೇದಕ) ನಕ್ಷೆಗೆ ಇಂಥ ಸಣ್ಣ ಬೆಂಕಿ ಕಾಣುವುದೇ ಕಷ್ಟ. ಸೆಂಟಿನೆಲ್-2ರ 20 ಮೀಟರ್ ಚುಕ್ಕಿ ಆದ್ರೆ ಪರವಾಗಿಲ್ಲ.

ಮನೆ ಹಿಂದಿನ ಪದವಿನಲ್ಲಿ, ಅಂದ್ರೆ ಬೋಳು ಗುಡ್ಡದ ಮೇಲೆ, ಮುಳಿಹುಲ್ಲು ಸುಟ್ಟದ್ದು ನಾಲ್ಕೈದು ಚುಕ್ಕಿಯಾಗಿ ಬಂದಿದೆ. ಅಮ್ಮನಿಗೆ ತೋರಿಸಿದೆ. "ಇದನ್ನು ನೋಡ್ಲಿಕ್ಕೆ ಉಪಗ್ರಹ ಬೇಕಾ ಮಾರಾಯಾ, ಟೆರೇಸಿಗೆ ಹತ್ತಿದ್ರೆ ಸಾಕಿತ್ತಲ್ಲ" ಅಂದರು.