ಮೊದಲು ಬ್ರೇಕ್ ಆಯಿಲ್, ಆಮೇಲೆ ಎಂಜಿನ್

ಇಂಗ್ಲೆಂಡಿನ ನಾರ್ಫಕ್‌ನಿಂದ ರಜೆಗೆ ಕಾಸರಗೋಡು ಜಿಲ್ಲೆಯ ಬದಿಯಡ್ಕಕ್ಕೆ ಬಂದಾಗಲೆಲ್ಲ ಊರಿನ ಹುಡುಗರು ನನ್ನ ಕಾರಿನ ವಿಚಾರ ಎತ್ತುತ್ತಾರೆ. ಎರಡೇ ಸೀಟಿನ, ಬಟ್ಟೆಯ ಮಾಡಿನ ಹಳೆಯ ಮಾಜ್ದಾ ಎಂಎಕ್ಸ್-5 ಅದು. "ಅಣ್ಣಾ, ಪವರ್ ಎಷ್ಟು ಏರಿಸಿದ್ದೀರಿ?" ಎಂಬುದು ಮೊದಲ ಪ್ರಶ್ನೆ. ಎಂಜಿನ್ ಮುಟ್ಟಿಯೇ ಇಲ್ಲ ಎಂದರೆ ಅವರ ಮುಖ ಸಪ್ಪಗಾಗುತ್ತದೆ. ಹಾಗಾದರೆ ಮಾಡಿಸಿದ್ದೇನು ಎಂಬುದನ್ನು ಈ ಸಲ ವಿವರವಾಗಿ ಬರೆಯುತ್ತಿದ್ದೇನೆ. ಇದರಲ್ಲಿ ಬಹುಪಾಲು ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಮಾರುತಿ ಓಡಿಸುವವರಿಗೂ ಸಲ್ಲುವಂಥದ್ದು.

ನಾನು ಕಾರನ್ನು ಸಿದ್ಧಪಡಿಸಿದ್ದು ಟ್ರ್ಯಾಕ್ ಡೇಗಾಗಿ. ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ. ಹಣ ಕಟ್ಟಿ, ನಮ್ಮದೇ ಕಾರನ್ನು ರೇಸಿಂಗ್ ಟ್ರ್ಯಾಕಿನಲ್ಲಿ ಓಡಿಸುವ ದಿನ. ಗೆಲ್ಲುವವರಿಲ್ಲ, ಸಮಯ ಅಳೆಯುವುದಕ್ಕೂ ಸಾಮಾನ್ಯವಾಗಿ ಅವಕಾಶವಿಲ್ಲ. ಮುಂದಿನವರು ದಾರಿ ಬಿಟ್ಟರೆ ಮಾತ್ರ, ಅದೂ ಗೊತ್ತುಪಡಿಸಿದ ಬದಿಯಿಂದ ಮಾತ್ರ, ಹಿಂದೆ ಹಾಕಬಹುದು. ಹೆಲ್ಮೆಟ್ ಕಡ್ಡಾಯ. ನನಗೆ ಹತ್ತಿರವಿರುವ ಸ್ನೆಟರ್ಟನ್ ಟ್ರ್ಯಾಕ್ ಎರಡನೇ ಮಹಾಯುದ್ಧದ ಕಾಲದ ವಿಮಾನ ನಿಲ್ದಾಣದ ಮೇಲೆ ಎದ್ದದ್ದು. ದಿನವಿಡೀ ಅಲ್ಲಿ ಬೆವರಿಳಿಸಿದ ಕಾರಿನಲ್ಲೇ ಸಂಜೆ ಮನೆಗೆ ಮರಳಬೇಕು, ಮರುದಿನ ಅದರಲ್ಲೇ ಕಚೇರಿಗೂ ಹೋಗಬೇಕು. ನಾನು ಮಾಡಿಸಿದ ಬದಲಾವಣೆಗಳೆಲ್ಲ ಈ ಎರಡು ಕೆಲಸಕ್ಕೂ ಒಗ್ಗುವಂಥವು.

ಕಾರು ಹಗುರವಾಗಿದ್ದರೆ ಅರ್ಧ ಕೆಲಸ ಮುಗಿದಂತೆ. ನಾನಿರುವ ಜಿಲ್ಲೆಯ ಹೆಥೆಲ್‌ನಲ್ಲೇ ಲೋಟಸ್ ಕಾರ್ಖಾನೆ ಇದೆ. 1996ರಲ್ಲಿ ಅಲ್ಲಿಂದ ಹೊರಬಂದ ಎಲೀಸ್ ಕಾರಿನ ಅಲ್ಯೂಮಿನಿಯಂ ಚಾಸಿಯ (ಕಾರಿನ ಅಸ್ಥಿಪಂಜರದ) ತೂಕ ಬರೀ 68 ಕಿಲೋ, ಇಡೀ ಕಾರಿನದು 725 ಕಿಲೋ. ಬೆಸುಗೆ ಹಾಕದೆ ಅಂಟಿನಿಂದ ಕೂಡಿಸಿದ ಚಾಸಿ ಅದು! ನನ್ನ ಎಂಎಕ್ಸ್-5 ಅಷ್ಟು ಹಗುರವಲ್ಲ, ಒಂದು ಟನ್ನಿನ ಆಸುಪಾಸು. ಆದರೂ ಈಗಿನ ಎಸ್‌ಯುವಿಗಳ ಪಕ್ಕದಲ್ಲಿ ಅದು ಹುಲ್ಲುಕಡ್ಡಿ. ಟ್ರ್ಯಾಕಿಗೆ ಹೋಗುವ ದಿನ ಸ್ಟೆಪ್ನಿ, ಜ್ಯಾಕ್, ಡಿಕ್ಕಿಯ ಸಾಮಾನುಗಳನ್ನೆಲ್ಲ ಇಳಿಸಿಡುತ್ತೇನೆ. ಹೀಟರ್ ಕೀಳುವ ಯೋಚನೆಯನ್ನು ಇಂಗ್ಲೆಂಡಿನ ಜನವರಿ ಚಳಿ ಕಂಡವರು ಮಾಡಲಾರರು. ತೂಕ ಹೆಚ್ಚಿಸುವ ಒಂದೇ ಒಂದು ವಸ್ತುವನ್ನು ಸಂತೋಷದಿಂದ ಹಾಕಿಸಿದೆ. ಸೀಟಿನ ಹಿಂದೆ ಉಕ್ಕಿನ ರೋಲ್ ಬಾರ್. ಗಟ್ಟಿ ಛಾವಣಿ ಇಲ್ಲದ ಕಾರು ಮಗುಚಿದರೆ ತಲೆ ಕಾಯುವುದು ಅದೊಂದೇ.

ಇನ್ನು ಬ್ರೇಕ್. ನಾನು ಒತ್ತಿ ಹೇಳಬೇಕಾದದ್ದೇ ಇದು. ಗಂಟೆಗೆ 160 ಕಿಲೋಮೀಟರಿನಿಂದ 80ಕ್ಕೆ ಇಳಿಸುವಾಗ ಬ್ರೇಕ್ ನುಂಗಬೇಕಾದ ಶಾಖ, 80ರಿಂದ ಪೂರ್ತಿ ನಿಲ್ಲಿಸುವಾಗ ನುಂಗುವುದರ ಮೂರು ಪಟ್ಟು. ಟ್ರ್ಯಾಕಿನಲ್ಲಿ ಪ್ರತಿ ನೇರ ದಾರಿಯ ಕೊನೆಯಲ್ಲೂ ಇಂಥ ಒತ್ತಡ ಬೀಳುತ್ತದೆ, ನಡುವೆ ತಣಿಯಲು ಪುರುಸೊತ್ತಿಲ್ಲ. ಚಕ್ರದ ಜೊತೆ ತಿರುಗುವ ಡಿಸ್ಕಿನ ಬಿಸಿ ಅದನ್ನು ಒತ್ತಿ ಹಿಡಿಯುವ ಪ್ಯಾಡಿಗೆ, ಪ್ಯಾಡಿನಿಂದ ಅದನ್ನು ತಳ್ಳುವ ಕ್ಯಾಲಿಪರಿನೊಳಗಿನ ಆಯಿಲಿಗೆ ಇಳಿಯುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಆದರೆ ಅದು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ನೀರು ಸೇರಿದ ಆಯಿಲಿಗೆ ಅದೇ ನಿಯಮ ಇಟ್ಟಿರುವ ಮಿತಿ 155 ಡಿಗ್ರಿ ಮಾತ್ರ. ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ.

ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಊರಿನಲ್ಲಿ ಈ ಮಾತಿಗೆ ತೂಕ ಹೆಚ್ಚು. ಗುಡ್ಡದ ತೋಟಗಳಿಂದ ಅಡಿಕೆ ಮೂಟೆ ಹೊತ್ತು ಇಳಿಯುವ ಜೀಪುಗಳ ಬ್ರೇಕ್ ಆಯಿಲ್ ಬದಲಿಸುವುದನ್ನು ನಾನು ಕಲಿತದ್ದು ಬದಿಯಡ್ಕದ ಗ್ಯಾರೇಜಿನಲ್ಲಿ. ಒಬ್ಬರು ಪೆಡಲ್ ಮೇಲೆ, ಒಬ್ಬರು ಚಕ್ರದ ಬಳಿ. "ಒತ್ತಿ ಹಿಡಿ" ಎಂದಾಗ ಹಿಡಿಯಬೇಕು. ಕೆಳಗಿರುವವರು ನಿಪ್ಪಲ್ (ಆಯಿಲ್ ಹೊರಬಿಡುವ ತಿರುಪು) ಸಡಿಲಿಸುತ್ತಾರೆ. ಪಾರದರ್ಶಕ ಪೈಪಿನಲ್ಲಿ ಕಪ್ಪು ಕಾಫಿ ಬಣ್ಣದ ಹಳೆಯ ಆಯಿಲ್ ಗುಳ್ಳೆಗಳ ಸಮೇತ ಹೊರಡುತ್ತದೆ. ನಿಪ್ಪಲ್ ಬಿಗಿದ ಮೇಲೆಯೇ "ಬಿಡು". ಹೊಸ ಆಯಿಲ್ ತಿಳಿಯಾಗಿ ಇಳಿಯುವವರೆಗೂ ಹೀಗೆಯೇ. ಹೆಚ್ಚಿನ ಗಾಡಿಗಳಲ್ಲಿ, ಪೆಡಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು ಮಾಡಬೇಕು. ಆ ಸಿಲಿಂಡರಿನ ಮೇಲಿನ ಡಬ್ಬಿಯಲ್ಲಿ ಆಯಿಲ್ ಮುಗಿಯಲು ಬಿಡಲೇಬಾರದು, ಬಿಟ್ಟರೆ ಗಾಳಿ ಒಳನುಗ್ಗುತ್ತದೆ. ನಾರ್ಫಕ್‌ನಲ್ಲಿ ನಾನು ಇದನ್ನೇ ಮಾಡುತ್ತೇನೆ. ಬೇರೆ ಏನೂ ಮಾಡಿಸದಿದ್ದರೂ ಇದನ್ನು ಮಾಡಿಸಿ. ಜೊತೆಗೆ ಹೆಚ್ಚು ಬಿಸಿ ತಾಳುವ ಪ್ಯಾಡು ಹಾಕಿಸಿ. ಆದರೆ ಅಪ್ಪಟ ರೇಸಿಂಗ್ ಪ್ಯಾಡು ಬೇಡ, ತಣ್ಣಗಿರುವಾಗ ಅದು ಸರಿಯಾಗಿ ಹಿಡಿಯುವುದಿಲ್ಲ.

ಟೈರು ಎರಡನೆಯದು. ರಸ್ತೆಗೂ ಒಪ್ಪಿಗೆಯಿರುವ, ತುಸು ಮೆದು ರಬ್ಬರಿನ ಟೈರು ಸಾಕು. ಟ್ರ್ಯಾಕಿನಲ್ಲಿ ಟೈರು ಕಾದಂತೆ ಒಳಗಿನ ಗಾಳಿಯ ಒತ್ತಡ ಏರುವುದರಿಂದ, ಇಳಿದ ಕೂಡಲೇ ಅಳೆದು ಸ್ವಲ್ಪ ಬಿಡಬೇಕು. ವೀಲ್ ಅಲೈನ್‌ಮೆಂಟ್‌ನಲ್ಲಿ ಚಕ್ರದ ತಲೆಯನ್ನು ಒಳಕ್ಕೆ ಒಂದೆರಡು ಡಿಗ್ರಿ ವಾಲಿಸಿದರೆ ತಿರುವಿನಲ್ಲಿ ಟೈರು ನೆಲಕ್ಕೆ ಪೂರ್ತಿ ಒರಗುತ್ತದೆ. ಸ್ಪ್ರಿಂಗನ್ನು ತುಸು ಬಿಗಿ ಮಾಡಿಸಿದ್ದೇನೆ, ಕಾರನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿಲ್ಲ. ತಗ್ಗಿಸಿದರೆ ಸಸ್ಪೆನ್ಷನ್ ಆಡಲು ಜಾಗವೇ ಉಳಿಯುವುದಿಲ್ಲ.

ಸೈಲೆನ್ಸರ್ ಬದಲಿಸಿ ಸದ್ದು ಮಾಡುವುದೇ ಮಾಡಿಫಿಕೇಷನ್ ಎಂದುಕೊಂಡವರಿಗೆ ಇಲ್ಲಿನ ಟ್ರ್ಯಾಕಿನ ಬಾಗಿಲಲ್ಲೇ ಉತ್ತರ ಸಿಗುತ್ತದೆ. ಸೈಲೆನ್ಸರಿನ ಬಾಯಿಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಕೋನದಲ್ಲಿ ಮೀಟರ್ ಹಿಡಿದು, ಎಂಜಿನನ್ನು ಗರಿಷ್ಠ ವೇಗದ ಮುಕ್ಕಾಲಿನಷ್ಟು ಓಡಿಸಿ ಅಳೆಯುತ್ತಾರೆ. ಮಿತಿ ಟ್ರ್ಯಾಕಿನಿಂದ ಟ್ರ್ಯಾಕಿಗೆ ಬೇರೆ, ಅನೇಕ ಕಡೆ 105 ಡೆಸಿಬಲ್. ಮೀರಿದರೆ ಒಳಗೆ ಬಿಡುವುದಿಲ್ಲ. ಸುತ್ತಲ ಹಳ್ಳಿಯವರ ನೆಮ್ಮದಿ ಕೆಟ್ಟರೆ ಟ್ರ್ಯಾಕೇ ಮುಚ್ಚಬೇಕಾದೀತು ಎಂಬ ಎಚ್ಚರ ಇಲ್ಲಿ ಎಲ್ಲರಿಗೂ ಇದೆ. ಇದು ನನಗೆ ತುಂಬ ಹಿಡಿಸಿದ ಗುಣ.

ಇಲ್ಲಿ ಮಾಡಿಸಿದ ಬದಲಾವಣೆಯನ್ನೆಲ್ಲ ವಿಮಾ ಕಂಪನಿಗೆ ತಿಳಿಸಬೇಕು, ಕಾರು ವರ್ಷಕ್ಕೊಮ್ಮೆ ಎಂಒಟಿ ಎಂಬ ವಾಹನ ಸುರಕ್ಷತಾ ತಪಾಸಣೆಯಲ್ಲಿ ಪಾಸಾಗಬೇಕು. ಊರಿನಲ್ಲಿ ಕಾನೂನು ಇನ್ನೂ ಬಿಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹಿಡಿದದ್ದು ಕೇರಳದ್ದೇ ಪ್ರಕರಣದಲ್ಲಿ. ಅದೇ ವರ್ಷದ ತಿದ್ದುಪಡಿಯಂತೆ ನಿಯಮ ಮೀರಿದ ಪ್ರತಿ ಬದಲಾವಣೆಗೂ 5000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗಿನ ಜೈಲು, ಅಥವಾ ಎರಡೂ. ಹಾಗೆಂದು ಹುಡುಗರು ನಿರಾಶರಾಗಬೇಕಿಲ್ಲ. ಒಳ್ಳೆಯ ಬ್ರೇಕ್ ಆಯಿಲ್, ಒಳ್ಳೆಯ ಪ್ಯಾಡು, ಕಂಪನಿ ಹೇಳಿದ ಅಳತೆಯ ಒಳ್ಳೆಯ ಟೈರು, ಸರಿಯಾದ ಅಲೈನ್‌ಮೆಂಟ್, ಖಾಲಿ ಡಿಕ್ಕಿ ಇವು ಯಾವ ಆರ್‌ಟಿಒ ಕಚೇರಿಯ ತಕರಾರಿಗೂ ಸಿಗುವುದಿಲ್ಲ. ಲಾಭವೂ ಹೆಚ್ಚು ಇವುಗಳಿಂದಲೇ.

ತಲಪಾಡಿ–ಚೆಂಗಳದ ಆರು ಪಥದ ಹೆದ್ದಾರಿ ವೇಗ ಪರೀಕ್ಷಿಸುವ ಜಾಗವಲ್ಲ. ಅದರ ಪಕ್ಕದಲ್ಲೇ ಶಾಲೆಗಳಿವೆ, ಬಸ್ಸಿಗೆ ಕಾಯುವ ನಮ್ಮ ಅಕ್ಕಂದಿರು, ಅಜ್ಜಂದಿರು ಇದ್ದಾರೆ. ಆಸೆಯಿದ್ದವರಿಗೆ ಕೊಯಮತ್ತೂರು ದೂರವಲ್ಲ. ಅಲ್ಲಿಯ ಚೆಟ್ಟಿಪಾಳಯದ ಕರಿ ಮೋಟಾರ್ ಸ್ಪೀಡ್‌ವೇಗೆ, ಭಾರತದಲ್ಲೇ ಅಗ್ಗದ ರೇಸ್ ಕಾರುಗಳನ್ನು ಕಟ್ಟಿ ಎಷ್ಟೋ ಹುಡುಗರನ್ನು ಟ್ರ್ಯಾಕಿಗೆ ತಂದ ಎಸ್. ಕರಿವರ್ಧನ್ ಅವರ ಹೆಸರಿಟ್ಟಿದ್ದಾರೆ. ಯಾವ ದಿನ ಖಾಸಗಿ ಕಾರುಗಳಿಗೆ ಅವಕಾಶವಿದೆ ಎಂದು ಮೊದಲೇ ವಿಚಾರಿಸಿಕೊಳ್ಳಿ. ಹೋದರೆ ಕೊನೆಯ ಸುತ್ತನ್ನು ಬ್ರೇಕ್ ಹೆಚ್ಚು ಮುಟ್ಟದೆ ನಿಧಾನಕ್ಕೆ ಓಡಿಸಿ ಎಲ್ಲವನ್ನೂ ತಣಿಸಿ. ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಕಾದ ಪ್ಯಾಡು ಡಿಸ್ಕಿಗೆ ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಆರಿದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು ನೋಡಿ, ಟೈರಿಗೆ ರಸ್ತೆಯ ಅಳತೆಯ ಗಾಳಿ ತುಂಬಿಸಿ, ಆಮೇಲೆ ಪಾಲಕ್ಕಾಡಿನ ದಾರಿ ಹಿಡಿಯಿರಿ.