ಲಕ್ವದ ಕೈಗೆ ಅಭ್ಯಾಸದ ಹಲಗೆ: ದಾವಣಗೆರೆಯಲ್ಲಿ ಏಳು ವಾರದ ಕೆಲಸ

ಪಾರ್ಶ್ವವಾಯು ಆಗಿ ಆಸ್ಪತ್ರೆಯಿಂದ ಮನೆಗೆ ಬಂದವರ ಕೈ, ಕಣ್ಣು, ಮಾತು, ನೆನಪಿಗೆ ದಿನವೂ ಕೆಲಸ ಕೊಡುವ ಒಂದು ಹಲಗೆ ಮಾಡುತ್ತಿದ್ದೇವೆ. ಸಾಮಾನೆಲ್ಲ ದಾವಣಗೆರೆ ಪೇಟೆಯಲ್ಲೇ ಸಿಗಬೇಕು, ಮುರಿದರೆ ಓಣಿಯ ಬಡಗಿ ಸರಿಮಾಡುವಂತಿರಬೇಕು. ಇದು ಫಿಸಿಯೋಥೆರಪಿಗೆ ಬದಲಿ ಅಲ್ಲ. ಫಿಸಿಯೋ ಬಾರದ ದಿನಗಳು ಖಾಲಿ ಹೋಗದಿರಲಿ ಅಂತ ಅಷ್ಟೇ. ಯಾರಿಗೆ ಯಾವ ಭಾಗ ಕೊಡಬೇಕು ಅನ್ನುವುದನ್ನು ರೋಗಿಯನ್ನು ನೋಡಿದ ವೈದ್ಯರು, ಫಿಸಿಯೋ ಹೇಳಬೇಕು.

ವಾರ 1

ಅಳತೆ ಹಾಕುವ ಮುಂಚೆ ಎಷ್ಟು ಸಲ ಮಾಡಿಸಬೇಕು ಅನ್ನುವುದು ಗೊತ್ತಿರಬೇಕು. 2009ರಲ್ಲಿ ಅಮೆರಿಕದ ಸಂಶೋಧಕಿ ಕ್ಯಾಥರೀನ್ ಲ್ಯಾಂಗ್ ತಂಡದವರು ಥೆರಪಿ ನಡೆಯುವಾಗಲೇ ಪಕ್ಕದಲ್ಲಿ ನಿಂತು ಎಣಿಸಿದರು. ಸೋತ ಕೈ ಒಂದು ಅವಧಿಯಲ್ಲಿ ಮಾಡಿದ ಉಪಯುಕ್ತ ಚಲನೆ ಸರಾಸರಿ 32. ಪ್ರಾಣಿಗಳ ಪ್ರಯೋಗದಲ್ಲಾದರೆ ದಿನಕ್ಕೆ ನೂರಾರು ಸಲ ಮಾಡಿಸಿದ ಮೇಲೆ ಮಿದುಳಿನಲ್ಲಿ ಬದಲಾವಣೆ ಕಂಡಿದೆ. ಒಂದು ಗಂಟೆಯಲ್ಲಿ 300 ಸಲ ಮಾಡಿಸಲು ಸಾಧ್ಯ ಅಂತ 2010ರ ಒಂದು ಅಧ್ಯಯನ ತೋರಿಸಿತು. ಮನೆಯಲ್ಲಿ ಅಷ್ಟು ಆಗದು. ಹದಿನೈದು ನಿಮಿಷದ ಮೂರು ಕೂರಿಕೆ, ಒಂದೊಂದಕ್ಕೆ 60ರಿಂದ 80 ಸಲ ಅಂತ ಗುರಿ ಇಟ್ಟಿದ್ದೇವೆ.

ಎಣಿಕೆಗೆ ಹುಣಸೆ ಬೀಜ. ಹತ್ತು ಸಲಕ್ಕೆ ಒಂದು ಬೀಜ ಬಟ್ಟಲಿಗೆ ಹಾಕಬೇಕು. ಬರೆದಿಡಿ ಅಂದರೆ ಮೂರನೇ ದಿನಕ್ಕೆ ಪುಸ್ತಕ ಮೂಲೆಗೆ ಬೀಳುತ್ತದೆ. ಬೀಜವಾದರೆ ಮೊಮ್ಮಗನೂ ಹಾಕುತ್ತಾನೆ.

ವಾರ 2

ತಳಕ್ಕೆ 12 ಮಿ.ಮೀ. ಪ್ಲೈವುಡ್, 60 x 45 ಸೆಂ.ಮೀ. ಕೆಳಗೆ ನಾಲ್ಕು ಮೂಲೆಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿದ್ದೇವೆ. ಒಂದೇ ಕೈ ಬಳಸುವವರಿಗೆ ಇನ್ನೊಂದು ಕೈಯಿಂದ ಹಲಗೆ ಹಿಡಿದುಕೊಳ್ಳಲು ಆಗದು, ಜಾರಿದರೆ ಅಭ್ಯಾಸ ಅಲ್ಲಿಗೇ ನಿಂತಿತು.

ಮೇಲೆ ಇಡುವ ಮೊದಲ ಭಾಗ ಘನಗಳ ಪೆಟ್ಟಿಗೆ. ಥೆರಪಿಸ್ಟರು ಕೈಚಳಕ ಅಳೆಯಲು ಬಳಸುವ 'ಬಾಕ್ಸ್ ಅಂಡ್ ಬ್ಲಾಕ್' ಪರೀಕ್ಷೆಯಲ್ಲಿ 2.5 ಸೆಂ.ಮೀ.ನ 150 ಮರದ ಘನಗಳು, ನಡುವೆ 15.2 ಸೆಂ.ಮೀ. ಎತ್ತರದ ತಡೆ ಇರುತ್ತವೆ. ಒಂದೊಂದೇ ಘನ ಎತ್ತಿ ಆಚೆ ಹಾಕಬೇಕು, 60 ಸೆಕೆಂಡಿನಲ್ಲಿ ಎಷ್ಟು ದಾಟಿದವು ಅನ್ನುವುದೇ ಅಂಕ. ನಮ್ಮದು ಪರೀಕ್ಷೆಗಲ್ಲ, ಅಭ್ಯಾಸಕ್ಕೆ, ಹಾಗಾಗಿ 40 ಘನ ಸಾಕು. ತಡೆಯನ್ನು ಮೂರು ಎತ್ತರದಲ್ಲಿ ಮಾಡಿದೆವು: 4, 9, 15 ಸೆಂ.ಮೀ. ಶುರುವಿಗೇ 15 ಇಟ್ಟರೆ ಜನ ಕೈ ಎತ್ತುವುದಿಲ್ಲ, ಭುಜವನ್ನು ಕಿವಿಯ ಹತ್ತಿರ ಎಳೆದುಕೊಂಡು ಮೈಯನ್ನೇ ಬಗ್ಗಿಸುತ್ತಾರೆ.

ಆ ಬಗ್ಗುವಿಕೆ ತಿಳಿಯಲು ಬೆನ್ನಿಗೂ ಕುರ್ಚಿಗೂ ನಡುವೆ ದಿನಪತ್ರಿಕೆಯ ಒಂದು ಹಾಳೆ ಇಡಿ. ಹಾಳೆ ಬಿತ್ತೆಂದರೆ ಬೆನ್ನು ಬಿಟ್ಟುಕೊಟ್ಟಿದೆ, ಆ ಸಲ ಎಣಿಕೆಗಿಲ್ಲ.

ಘನಗಳಿಗೆ ಮೊದಲು ಎನಾಮೆಲ್ ಬಣ್ಣ ಹಚ್ಚಿದ್ದೆವು. ಏಪ್ರಿಲ್ ಬಿಸಿಲಿನಲ್ಲಿ ಬೆವರಿದ ಬೆರಳಿಗೆ ಸೋಪಿನಂತೆ ಜಾರಿದವು. ಬಣ್ಣ ಕೆರೆದು, 80 ನಂಬರ್ ಸ್ಯಾಂಡ್‌ಪೇಪರ್, ಆಮೇಲೆ 180 ಉಜ್ಜಿ, ಹಾಗೇ ಬರಿ ಮರ ಬಿಟ್ಟಿದ್ದೇವೆ.

ವಾರ 3

ಈ ಕೆಲಸದಲ್ಲಿ ಮುಖ್ಯವಾದದ್ದು ಇದೇ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇವೆ.

ಲಕ್ವ ಹೊಡೆದ ಮನೆಗೆ ಹೋದರೆ ರೋಗಿಯ ಕೈಯಲ್ಲಿ ಒಂದು ರಬ್ಬರ್ ಚೆಂಡು ಇದ್ದೇ ಇರುತ್ತದೆ. 'ಹಿಸುಕ್ರಿ, ಶಕ್ತಿ ಬರ್ತದೆ' ಅಂತ ನೆಂಟರೆಲ್ಲ ಹೇಳಿರುತ್ತಾರೆ. ಆದರೆ ಬಿಗಿತ ಬಂದ ಕೈಗೆ ಮುಚ್ಚುವುದು ಕಷ್ಟವಲ್ಲ, ತೆರೆಯುವುದು ಕಷ್ಟ. ಬೆರಳು ಮಡಚುವ ಸ್ನಾಯುಗಳು ಬಿಗಿದು ನಿಲ್ಲುತ್ತವೆ, ಬಿಡಿಸುವ ಸ್ನಾಯುಗಳು ಸೋತಿರುತ್ತವೆ. ಲೋಟ ಹಿಡಿಯುತ್ತಾರೆ, ಕೆಳಗಿಡಲು ಆಗುವುದಿಲ್ಲ. ಹಾಗಾಗಿ ಚೆಂಡನ್ನು ಪೆಟ್ಟಿಗೆಯಿಂದ ತೆಗೆದೆವು. ಹಲಗೆಯ ಪ್ರತಿ ಆಟವೂ ವಸ್ತು ಕೈಯಿಂದ ಬಿಟ್ಟಾಗಲೇ ಮುಗಿಯಬೇಕು, ಎಣಿಸುವುದೂ ಬಿಟ್ಟದ್ದನ್ನೇ.

ಇದಕ್ಕೆ ಪಿವಿಸಿ ಪೈಪಿನ ತುಂಡುಗಳು: 20, 25, 32, 40, 50 ಮಿ.ಮೀ., ಒಂದೊಂದು 12 ಸೆಂ.ಮೀ. ಉದ್ದ, ಮೇಲೆ ಟ್ಯೂಬಿನ ರಬ್ಬರ್ ಸುತ್ತಿದ್ದು. 32ರಿಂದ ಶುರು ಮಾಡಿಸುತ್ತೇವೆ. 50ರ ಸುತ್ತ ಬೆರಳು ತೆರೆಯುವುದೇ ದೊಡ್ಡ ಕೆಲಸ. 20ನ್ನು ಹಿಡಿದರೆ ಮುಷ್ಟಿ ಪೂರಾ ಮುಚ್ಚಿಕೊಂಡು ಬಿಡದಾಗುತ್ತದೆ.

ಇಲ್ಲೊಂದು ಎಡವಟ್ಟು ಕಂಡಿತು. ಮಣಿಕಟ್ಟನ್ನು ಕೆಳಗೆ ಜೋತುಬಿಟ್ಟರೆ ಬೆರಳು ತಾನಾಗಿ ಸಡಿಲವಾಗುತ್ತವೆ, ಸ್ನಾಯುರಜ್ಜುಗಳ ಎಳೆತವೇ ಹಾಗೆ. ಅಭ್ಯಾಸಿಗಳು ಅದನ್ನೇ ಉಪಾಯ ಮಾಡಿಕೊಂಡು ಪೈಪನ್ನು ಉದುರಿಸುತ್ತಾರೆ, ಬೆರಳು ಬಿಡಿಸುವ ಕೆಲಸ ನಡೆಯುವುದೇ ಇಲ್ಲ. ಅದಕ್ಕೆ ಬಿಡುವ ಜಾಗವನ್ನು 6 ಸೆಂ.ಮೀ. ಎತ್ತರದ ಕಟ್ಟೆ ಮಾಡಿದೆವು. ಮಣಿಕಟ್ಟು ಜೋತರೆ ಕಟ್ಟೆಗೆ ತಾಗುತ್ತದೆ, ನೇರ ಇಟ್ಟುಕೊಂಡೇ ಬಿಡಬೇಕು.

ಅದೇ ಗುಣ ಮನೆಯವರಿಗೆ ಬೇರೆ ಹೊತ್ತಿನಲ್ಲಿ ಉಪಯೋಗ. ಮುಷ್ಟಿ ಬಿಗಿದಾಗ ಬೆರಳ ತುದಿ ಹಿಡಿದು ಎಳೆಯಬಾರದು. ಮೊದಲು ಮಣಿಕಟ್ಟನ್ನು ನಿಧಾನ ಕೆಳಗೆ ಬಗ್ಗಿಸಿ, ಹೆಬ್ಬೆರಳನ್ನು ಬುಡದಿಂದ ಹೊರಗೆ ತಂದು, ಆಮೇಲೆ ಬೆರಳು ಬಿಡಿಸಿ, ಕೊನೆಗೆ ಮಣಿಕಟ್ಟು ಮೇಲೆ ತನ್ನಿ.

ಬಾಗಿಲಿಗೆ ಹಗ್ಗ-ರಾಟೆ ಕಟ್ಟಿ ಸೋತ ಕೈ ಎಳೆಯುವ ವ್ಯವಸ್ಥೆಯನ್ನೂ ಸೇರಿಸಿ ಅಂತ ಕೇಳಿದರು. ಸೇರಿಸುವುದಿಲ್ಲ. ಹೆಗಲ ಎಲುಬು ಜೊತೆಗೆ ತಿರುಗದೆ ತೋಳು ಮಾತ್ರ ಮೇಲೆ ಹೋದರೆ ಭುಜದ ಕೀಲಿನಲ್ಲಿ ಮೆದು ಭಾಗ ಸಿಕ್ಕಿ ನೋವು ಹತ್ತುತ್ತದೆ, ಆ ನೋವು ತಿಂಗಳುಗಟ್ಟಲೆ ಅಭ್ಯಾಸ ಕೆಡಿಸುತ್ತದೆ. ಅದರ ಬದಲು ಮೇಜಿನ ಮೇಲೆ ಹತ್ತಿ ಟವೆಲ್ ಮಡಚಿ, ಎರಡೂ ಕೈ ಇಟ್ಟು ಮುಂದಕ್ಕೆ ಜಾರಿಸುವುದು: ಹತ್ತರಂತೆ ಮೂರು ಸುತ್ತು. ಸೋತ ಕೈ ಹಿಡಿದು ಎಬ್ಬಿಸುವುದಂತೂ ಯಾವತ್ತೂ ಬೇಡ.

ವಾರ 4

ಕನ್ನಡಿ. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಕೈ ಕಳೆದುಕೊಂಡವರ ನೋವಿಗೆ ಬಳಸಿದ ಉಪಾಯ, ಆಮೇಲೆ ಪಾರ್ಶ್ವವಾಯುವಿಗೂ ಬಂತು. ಕನ್ನಡಿಯನ್ನು ಎದೆಯ ನಡುಗೆರೆಗೆ ನೇರವಾಗಿ ನಿಲ್ಲಿಸಿ, ಸೋತ ಕೈಯನ್ನು ಹಿಂದೆ ಇಟ್ಟು, ಗಟ್ಟಿ ಕೈಯ ಪ್ರತಿಬಿಂಬ ನೋಡುತ್ತ ಎರಡೂ ಕೈಯಲ್ಲಿ ಅದೇ ಚಲನೆಗೆ ಯತ್ನಿಸಬೇಕು.

3 ಮಿ.ಮೀ. ಅಕ್ರಿಲಿಕ್ ಹಗುರ, ಆದರೆ ಬಾಗಿತು, ಕೈ ನೀರಿನಲ್ಲಿ ಕಂಡಂತೆ ಕಂಡಿತು. 4 ಮಿ.ಮೀ. ಗಾಜಿಗೆ ಬಂದೆವು: 45 x 35 ಸೆಂ.ಮೀ., ಅಂಚು ತಿಕ್ಕಿಸಿದ್ದು, ಹಿಂದೆ ಪ್ಲೈವುಡ್ಡಿಗೆ ಪೂರಾ ಅಂಟಿಸಿದ್ದು. ಕನ್ನಡಿಯೊಳಗಿನ ಕೈ ತನ್ನದೇ ಅನ್ನಿಸಬೇಕಾದರೆ ಉಂಗುರ, ಗಡಿಯಾರ, ಕೈದಾರ ತೆಗೆಯಬೇಕು. ಬಳೆ ತೆಗೆಯಲು ಮನಸ್ಸಿಲ್ಲದವರಿಗೆ ಒತ್ತಾಯ ಬೇಡ, ಎರಡೂ ಕೈಗೆ ಒಂದೇ ಬಣ್ಣದ, ಅಷ್ಟೇ ಸಂಖ್ಯೆಯ ಬಳೆ ಇದ್ದರಾಯಿತು. ತಲೆ ಸುತ್ತು ಬಂದರೆ ನಿಲ್ಲಿಸಿ.

ವಾರ 5

ಎಡಗಡೆಯನ್ನೇ ಗಮನಿಸದವರಿಗೆ ದೀಪದ ಪಟ್ಟಿ. ಮಿದುಳಿನ ಬಲಭಾಗಕ್ಕೆ ಪೆಟ್ಟಾದಾಗ ಹೀಗಾಗುವುದು ಹೆಚ್ಚು: ತಟ್ಟೆಯ ಬಲಗಡೆಯ ಮುದ್ದೆ ಮುಗಿದಿರುತ್ತದೆ, ಎಡಗಡೆಯ ಪಲ್ಯ ಹಾಗೇ ಇರುತ್ತದೆ. ಕಣ್ಣಿನ ದೋಷವಲ್ಲ, ಗಮನದ್ದು.

ಅರ್ಧಚಂದ್ರಾಕಾರದಲ್ಲಿ 8 ಬಿಳಿ ಎಲ್‌ಇಡಿ, ಒಂದೊಂದರ ಮುಂದೆ 30 ಮಿ.ಮೀ. ಒತ್ತುಗುಂಡಿ, ಇವನ್ನು ನಡೆಸಲು ಆರ್ಡುಯಿನೋ ನ್ಯಾನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು. ಯಾವ ದೀಪ ಬೆಳಗುತ್ತದೋ ಅದರ ಮುಂದಿನ ಗುಂಡಿ ಒತ್ತಬೇಕು. ಎಲ್‌ಇಡಿಗಳು 220 ಓಮ್ ರೆಸಿಸ್ಟರ್ ಮೂಲಕ ಬೋರ್ಡಿನ ಡಿ2ರಿಂದ ಡಿ9ರ ಪಿನ್‌ಗಳಿಗೆ. ಗುಂಡಿಗಳನ್ನು ಡಿ10ರಿಂದ ಡಿ13, ಎ0ರಿಂದ ಎ3ಕ್ಕೆ ಕೊಟ್ಟಿದ್ದೆವು, ನಾಲ್ಕನೇ ಗುಂಡಿ ಒತ್ತದೆಯೇ ಒತ್ತಿದಂತೆ ತೋರಿಸಿತು. ಡಿ13ಕ್ಕೆ ಬೋರ್ಡಿನ ಮೇಲಿನ ಎಲ್‌ಇಡಿ ಸೇರಿರುವುದರಿಂದ ಒಳಗಿನ ಪುಲ್ಅಪ್ (ಗುಂಡಿ ಒತ್ತದಾಗ ಪಿನ್ನನ್ನು 5 ವೋಲ್ಟಿಗೆ ಎತ್ತಿ ಹಿಡಿಯುವ ರೆಸಿಸ್ಟರ್) ಆ ಪಿನ್ನನ್ನು ಮೇಲೆತ್ತಲಾರದು. ಆ ತಂತಿ ಎ4ಕ್ಕೆ ಹೋಯಿತು, ತೊಂದರೆ ಹೋಯಿತು. ಪವರ್ ಬ್ಯಾಂಕ್ ಕೆಲವೇ ಸೆಕೆಂಡಿಗೆ ಆರುತ್ತಿತ್ತು, ನ್ಯಾನೋ ಎಳೆಯುವ ಕರೆಂಟು ಅದರ ಲೆಕ್ಕಕ್ಕೇ ಬರುತ್ತಿರಲಿಲ್ಲ. ಕರೆಂಟು ಹೆಚ್ಚು ಎಳೆಯಲಿ ಅಂತ 5 ವೋಲ್ಟಿಗೆ ಅಡ್ಡಲಾಗಿ 47 ಓಮ್, 1 ವ್ಯಾಟ್ ರೆಸಿಸ್ಟರ್ ಹಾಕಿದ್ದೇವೆ. ಬೆಚ್ಚಗಾಗುತ್ತದೆ, ಕೈಗೆ ತಾಗದಂತೆ ಒಳಗಿಡಬೇಕು.

ಮೂರನೆಯ ತೊಂದರೆ ಇನ್ನೂ ಸೂಕ್ಷ್ಮ. ಸ್ವಿಚ್ ಹಾಕಿದಾಗಲೆಲ್ಲ ದೀಪಗಳು ಒಂದೇ ಅನುಕ್ರಮದಲ್ಲಿ ಬೆಳಗುತ್ತಿದ್ದವು. ನಾಲ್ಕು ದಿನದಲ್ಲಿ ಅಂಕ ಏರಿತು, ಆದರೆ ಅದು ಎಡಗಡೆ ಹುಡುಕಿದ್ದರಿಂದಲ್ಲ, ಕ್ರಮ ಬಾಯಿಪಾಠ ಆಗಿದ್ದರಿಂದ. ಖಾಲಿ ಬಿಟ್ಟ ಎ5ರ ಓದಿನಿಂದ ಯಾದೃಚ್ಛಿಕ ಕ್ರಮ ಶುರು ಮಾಡಿಸಿದೆವು. ಇಲ್ಲಿ ಒತ್ತಬೇಕಾದದ್ದು ಗಟ್ಟಿ ಕೈಯಿಂದ. ಸೋತ ಕೈಯಿಂದ ಒತ್ತಿಸಿದರೆ ಸಿಗುವ ಸಮಯ ಕೈಯದ್ದೋ ಗಮನದ್ದೋ ಗೊತ್ತಾಗದು.

ಎಡ ಅಂಚಿಗೆ ಎರಡು ಬೆರಳಗಲ ಕೆಂಪು ಟೇಪು. 'ಕೆಂಪು ಸಿಗೋವರೆಗೆ ಎಡಕ್ಕೆ ನೋಡ್ರಿ' ಅನ್ನುವುದು ಒಂದೇ ಸೂಚನೆ. ಊಟದ ತಟ್ಟೆ, ಪತ್ರಿಕೆ, ಬಾಗಿಲ ಚೌಕಟ್ಟಿಗೂ ಅದೇ ಟೇಪು. ಹಲಗೆಯನ್ನು ಮೇಜಿಗೆ ಕ್ಲ್ಯಾಂಪ್ ಮಾಡಿ, ಇಲ್ಲದಿದ್ದರೆ ತಿಳಿಯದೆಯೇ ಬಲಕ್ಕೆ ಸರಿಸಿಕೊಳ್ಳುತ್ತಾರೆ.

ವಾರ 6

ಹೆಸರು ಹೇಳುವ ಚಿತ್ರಗಳು. ಇಂಟರ್ನೆಟ್ಟಿನ ಚಿತ್ರಗಳಲ್ಲಿ ಟೋಸ್ಟರ್, ಸ್ಲೆಡ್ಜ್ ಬಂಡಿ ಇದ್ದವು. ಕಂಡೇ ಇಲ್ಲದ ವಸ್ತುವಿನ ಹೆಸರು ಬರದಿದ್ದರೆ ಅದು ಮಾತಿನ ತೊಂದರೆಯೇ ಅಲ್ಲ. 36 ಫೋಟೋ ಹೊಸದಾಗಿ ತೆಗೆದೆವು: ಮೊರ, ಲಟ್ಟಣಿಗೆ, ಒರಳು, ಬೀಗ, ಬೆಣ್ಣೆದೋಸೆ, ಮಂಡಕ್ಕಿ ಚೀಲ. ತಂಬಿಗೆ ಅಂದರೂ ಸರಿ, ಚೊಂಬು ಅಂದರೂ ಸರಿ. ಮನೆಮಾತು ಉರ್ದುವೋ ಲಂಬಾಣಿಯೋ ಆಗಿದ್ದರೆ ಆ ಹೆಸರೂ ಸರಿ. ಮಾತು ಬಾರದಿದ್ದಾಗ ಐದು ಸೆಕೆಂಡು ಕಾಯಿರಿ, ಮೊದಲ ಅಕ್ಷರ ಹೇಳಿ, ಆಮೇಲೆ ಪೂರ್ತಿ ಹೆಸರು. ತಪ್ಪು ಊಹೆ ಮಾಡಿಸುತ್ತ ಹೋದರೆ ಆ ತಪ್ಪೇ ನೆಲೆಸಬಹುದು.

ಸ್ಪರ್ಶದ ತಟ್ಟೆಗೆ ಮಂಡಕ್ಕಿ ಹಾಕಿದ್ದೆವು, ಎರಡು ದಿನಕ್ಕೆ ಮೆತ್ತಗಾಯಿತು. ಅದಕ್ಕಿಂತ ಮುಖ್ಯ, ಅದು ಬಾಯಿಗೆ ಹೋಗುತ್ತದೆ. ನುಂಗುವ ತೊಂದರೆ ಇರುವವರಿಗೆ ಅಪಾಯ. ಈಗ ಒಣ ರಾಗಿ, ಅದರೊಳಗೆ ಬೀಗದ ಕೈ, 5 ರೂಪಾಯಿ ನಾಣ್ಯ, ಸುಲಿಯದ ಅಡಿಕೆ. ಕಣ್ಣು ಮುಚ್ಚಿ ಹುಡುಕಿ ಹೆಸರು ಹೇಳಬೇಕು, ಪಕ್ಕದಲ್ಲಿ ಒಬ್ಬರು ಇರಲೇಬೇಕು. ಬಿಸಿನೀರು, ಐಸ್ ಈ ಆಟಕ್ಕೆ ಬೇಡ. ಸ್ಪರ್ಶ ಕಳೆದ ಚರ್ಮಕ್ಕೆ ಸುಟ್ಟಿದ್ದು ಗೊತ್ತಾಗುವುದಿಲ್ಲ.

ವಾರ 7

ಎರಡನೇ ಸೆಟ್ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೋಗಬೇಕು. ತಳವನ್ನು ನಡುವೆ ಕೊಯ್ದು ಪಿಯಾನೋ ಹಿಂಜ್ (ಉದ್ದ ಪಟ್ಟಿಯಂಥ ಕೀಲು) ಹಾಕಿದೆವು, ಮಡಚಿದರೆ 30 x 45. ಹಿಂಜ್ ಮೇಲ್ಭಾಗಕ್ಕೆ ಬಂದು ಟವೆಲ್ ಸಿಕ್ಕಿಕೊಳ್ಳುತ್ತಿದೆ. ಅದನ್ನು ಕೆಳಗೆ ಹಾಕಿ, ಮಡಚಿದಾಗ ಕಟ್ಟೆ ಎಲ್ಲಿ ಕೂರಬೇಕು ಅನ್ನುವುದು ಬಾಕಿ. ಕನ್ನಡಿಗೆ ದಪ್ಪ ಜಮಖಾನದ ಚೀಲ ಹೊಲಿಯಲು ಕೊಟ್ಟಿದೆ.