ಅಲ್ಲಿಗೆ ಹೋಗಲು ಬಿಡುತ್ತಾರೆಯೇ?

ಬೆತ್ಲೆಹೇಮಿನಿಂದ ಮರಳಿ ಬಂದು ಇಂದಿಗೆ ಐದು ದಿನ. ನಿನ್ನೆ ಬೆಳ್ಮಣ್ಣಿನ ತವರುಮನೆಗೆ ಹೋಗಲು ಬಸ್ಸು ಹತ್ತಿದಾಗ ಪರಿಚಯದ ಕಂಡಕ್ಟರ್ "ಎಲ್ಲಿಗೆ ಟೀಚರ್?" ಎಂದು ಕೇಳಿದರು. ಊರಿನ ಹೆಸರು ಹೇಳಿದೆ, ಟಿಕೆಟು ಕೊಟ್ಟು ಮುಂದೆ ಹೋದರು. ಆ ಸಣ್ಣ ಚೀಟಿಯನ್ನು ಬೆರಳುಗಳ ನಡುವೆ ಹಿಡಿದುಕೊಂಡು ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಅಲ್ಲಿನ ಆಯ್ದಾ ಎಂಬ ಪ್ಯಾಲೆಸ್ತೀನಿ ನಿರಾಶ್ರಿತರ ಶಿಬಿರದ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಯನ್ನು.

ನಮ್ಮದು ಚರ್ಚಿನ ವತಿಯಿಂದ ಹೊರಟ ಯಾತ್ರಿಕರ ತಂಡ. ಒಂದು ಮಧ್ಯಾಹ್ನ ಬಿಡುವು ಸಿಕ್ಕಾಗ ಹೆಚ್ಚಿನವರು ಆಲಿವ್ ಮರದ ಶಿಲುಬೆಗಳನ್ನು ಕೊಳ್ಳಲು ಹೋದರು. ನಾಲ್ವರನ್ನು ನಮ್ಮ ಮಾರ್ಗದರ್ಶಿ ಶಿಬಿರಕ್ಕೆ ಕರೆದೊಯ್ದರು. ಶಿಬಿರವೆಂದರೆ ಡೇರೆಗಳಿರಬಹುದೆಂದು ಎಣಿಸಿದ್ದೆ. 1950ರಲ್ಲಿ ಶಿಬಿರ ಆರಂಭವಾದಾಗ ಇದ್ದ ಡೇರೆಗಳ ಜಾಗದಲ್ಲಿ ಈಗ ಒಂದಕ್ಕೊಂದು ಅಂಟಿಕೊಂಡ ಕಾಂಕ್ರೀಟು ಮನೆಗಳಿವೆ. ನೆಲ ಹಿಗ್ಗುವಂತಿಲ್ಲದ ಕಾರಣ ಮನೆಗಳು ಮೇಲಕ್ಕೇ ಬೆಳೆದಿವೆ. ಇಡೀ ಶಿಬಿರ ಸುಮಾರು 17.5 ಎಕರೆ, ನಮ್ಮ ಕಡೆಯ ಒಂದು ದೊಡ್ಡ ತೋಟದಷ್ಟು; ಅಷ್ಟರೊಳಗೆ 5 ಸಾವಿರಕ್ಕೂ ಹೆಚ್ಚು ಜನ. ಹೆಬ್ಬಾಗಿಲಿನ ಮೇಲೆ ಭಾರಿ ಗಾತ್ರದ ಬೀಗದ ಕೈಯೊಂದನ್ನು ಮಲಗಿಸಿದ್ದಾರೆ. 1948ರಲ್ಲಿ, ಇಸ್ರೇಲ್ ಸ್ಥಾಪನೆಯ ಕಾಲದ ಯುದ್ಧದಲ್ಲಿ, ಕೆಲವೇ ದಿನಗಳಲ್ಲಿ ಮರಳುವೆವೆಂದು ನಂಬಿ ಮನೆಗೆ ಬೀಗ ಹಾಕಿ ಹೊರಟವರ ಮೊಮ್ಮಕ್ಕಳು, ಮರಿಮಕ್ಕಳು ದಿನವೂ ಅದರ ಕೆಳಗೇ ನಡೆದು ಶಾಲೆಗೆ ಹೋಗುತ್ತಾರೆ. ಅದರಾಚೆ ಇಸ್ರೇಲ್ ಕಟ್ಟಿದ 8 ಮೀಟರ್ ಎತ್ತರದ ಗೋಡೆ.

ಮಕ್ಕಳ ಸಾಂಸ್ಕೃತಿಕ ಕೇಂದ್ರವೊಂದರ ಕೋಣೆಯಲ್ಲಿ ಹತ್ತು ಹನ್ನೆರಡು ಮಕ್ಕಳು ಕೈಕೈ ಹಿಡಿದು ದಬ್ಕೆ ಕುಣಿತದ ಅಭ್ಯಾಸ ನಡೆಸಿದ್ದರು. ಹಿಂದೆ ಮನೆಯ ಮಣ್ಣಿನ ಮಾಡನ್ನು ನೆರೆಹೊರೆಯವರೆಲ್ಲ ಸೇರಿ ತುಳಿದು ಗಟ್ಟಿಮಾಡುತ್ತಿದ್ದ ಕೆಲಸದಿಂದ ಈ ಕುಣಿತ ಹುಟ್ಟಿತೆಂದು ಅಲ್ಲಿನವರು ಹೇಳುತ್ತಾರೆ. ಕಾಲು ಉಳುಕಿದ್ದರಿಂದ ಒಬ್ಬಳು ಹುಡುಗಿ ಮಾತ್ರ ಬದಿಯಲ್ಲಿ ಕುಳಿತು ಕಪ್ಪು ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಕೆಂಪು ದಾರದಲ್ಲಿ ಕಸೂತಿ ಹಾಕುತ್ತಿದ್ದಳು. ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಯುವ ಮಕ್ಕಳಾದ್ದರಿಂದ ಮಾತಿಗೆ ತೊಡಕಾಗಲಿಲ್ಲ. ಹೊಸಬರನ್ನು ಕಂಡರೆ ನಾವು ಮೊದಲು ಕೇಳುವುದನ್ನೇ ನಾನೂ ಕೇಳಿದೆ: "ನಿನ್ನದು ಯಾವ ಊರು?"

"ಬೈತ್ ನತೀಫ್," ಎಂದಳು. ಆಯ್ದಾ ಎನ್ನಲಿಲ್ಲ, ಬೆತ್ಲೆಹೇಮ್ ಎನ್ನಲಿಲ್ಲ. ಅದು 1948ರ ಅಕ್ಟೋಬರಿನಲ್ಲಿ ಬರಿದಾದ ಹಳ್ಳಿಯೆಂದೂ, ಅಲ್ಲಿನ ಅನೇಕ ಕುಟುಂಬಗಳು ಈ ಶಿಬಿರದಲ್ಲಿವೆಯೆಂದೂ ಮಾರ್ಗದರ್ಶಿ ವಿವರಿಸಿದರು. ಜೆರುಸಲೇಮಿನಿಂದ ಅದಕ್ಕೆ ಸುಮಾರು 20 ಕಿಲೋಮೀಟರ್ ದೂರ. ಹುಡುಗಿ ಅದನ್ನು ನೋಡಿಲ್ಲ, ಅವಳ ತಂದೆಯೂ ನೋಡಿಲ್ಲ.

"ನಿಮ್ಮ ಊರು?"

"ಬೆಳ್ಮಣ್ಣು. ಈಗ ಇರುವುದು ಬೇರೆ ಊರಿನಲ್ಲಿ."

"ಅಲ್ಲಿಗೆ ಹೋಗಲು ಬಿಡುತ್ತಾರೆಯೇ?"

ಪ್ರಶ್ನೆ ನನಗೆ ಅರ್ಥವಾಗಲಿಲ್ಲ. "ಯಾರು?" ಎಂದು ಕೇಳಿದೆ. ಅವಳು ಸೂಜಿಯನ್ನು ಹಾಗೆಯೇ ಹಿಡಿದು ನನ್ನ ಮುಖವನ್ನು ನೋಡಿದಳು. ನನ್ನ ಪ್ರಶ್ನೆ ಅವಳಿಗೂ ಅರ್ಥವಾಗಲಿಲ್ಲ.

ಐದು ದಿನಗಳಿಂದ ನಾನು ಮತ್ತೆ ಮತ್ತೆ ಹೋಗಿ ನಿಲ್ಲುತ್ತಿರುವುದು ಆ "ಯಾರು" ಎಂಬಲ್ಲಿಯೇ. ಊರಿಗೆ ಹೋಗಲು ಯಾರೋ ಬಿಡಬೇಕು ಎಂಬುದು ಅರವತ್ತು ದಾಟಿದ ನನ್ನ ತಲೆಗೆ ಒಮ್ಮೆಯೂ ಬಂದಿರಲಿಲ್ಲ. ಯಾರೂ ಬಿಡಬೇಕಾಗಿಲ್ಲದ ಊರು ಎಂಬುದೊಂದಿದೆ ಎಂಬುದು ಆ ಮಗುವಿಗೆ ಹೊಳೆದಿರಲಿಲ್ಲ.

ಹೊರಗೆ ಬಂದಾಗ ನಮ್ಮ ತಂಡದ ಹಿರಿಯರೊಬ್ಬರು, "ಇವರಿಗೆ ಮೊದಲು ಬೇಕಾದದ್ದು ಊಟ, ಬಟ್ಟೆ, ಕೆಲಸ. ಕುಣಿತ ಕಸೂತಿಗಳಿಗೆ ಹಣ ಹಾಕುವುದು ಏಕೆ?" ಎಂದರು. ಅವರು ಧಾರಾಳಿ, ಹುಡುಗರಿಗೆ ಹಂಚಲು ಚಾಕಲೇಟು ಕೂಡ ತಂದಿದ್ದರು. ಆದರೆ ಕೊಡುವ ಕೈ ದೊಡ್ಡದಿದ್ದ ಮಾತ್ರಕ್ಕೆ ನೋಡುವ ಕಣ್ಣು ದೊಡ್ಡದಾಗುವುದಿಲ್ಲ ಎಂದು ನನಗೆ ಅಂದೇ ಅನ್ನಿಸಿತು, ಇಂದಿಗೂ ಅನ್ನಿಸುತ್ತದೆ. ನೋಡದ ಊರಿನ ಹೆಸರನ್ನು ನಾಲ್ಕನೆಯ ತಲೆಮಾರಿನ ಮಗುವೊಂದು ತಡವರಿಸದೆ ಹೇಳಬೇಕಾದರೆ, ಅದನ್ನು ಯಾರೋ ಮನೆಯಲ್ಲಿ, ತರಗತಿಯಲ್ಲಿ, ಹಾಡಿನಲ್ಲಿ, ಸೂಜಿಯಲ್ಲಿ ದಿನವೂ ಕಲಿಸುತ್ತ ಬಂದಿರಲೇಬೇಕು. ಹಿಂದೆ ಹೆಣ್ಣುಮಗಳ ಉಡುಪಿನ ಕಸೂತಿಯನ್ನು ನೋಡಿಯೇ ಅವಳು ಯಾವ ಸೀಮೆಯವಳೆಂದು ಹೇಳಬಹುದಿತ್ತಂತೆ. 2021ರಲ್ಲಿ ಆ ಕಸೂತಿಯನ್ನೂ 2023ರಲ್ಲಿ ದಬ್ಕೆಯನ್ನೂ ಯುನೆಸ್ಕೊ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಶಿಬಿರದ ಅಜ್ಜಿಯರು ಅದಕ್ಕಾಗಿ ಕಾದು ಕುಳಿತವರಲ್ಲ.

ಕಲಿಕೆಯ ವಿಷಯದಲ್ಲಿಯೂ ಅವರು ಕಾದು ಕುಳಿತವರಲ್ಲ. 1988ರಲ್ಲಿ, ಇಸ್ರೇಲಿನ ಆಕ್ರಮಣದ ವಿರುದ್ಧ ಪ್ಯಾಲೆಸ್ತೀನಿಯರು ಎದ್ದುನಿಂತ ಮೊದಲ ಇಂತಿಫಾದದ ಕಾಲಕ್ಕೆ, ಇಸ್ರೇಲಿ ಸೇನೆಯ ಆದೇಶದಿಂದ ಬೆತ್ಲೆಹೇಮ್ ಸೇರಿದ ಪಶ್ಚಿಮ ದಂಡೆಯ ಶಾಲೆಗಳೆಲ್ಲ ಮುಚ್ಚಿದಾಗ ಶಿಕ್ಷಕರು, ಕಾಲೇಜು ವಿದ್ಯಾರ್ಥಿಗಳು ಮನೆಗಳಲ್ಲಿಯೂ ಮಸೀದಿ, ಚರ್ಚುಗಳಲ್ಲಿಯೂ ಪಾಠ ನಡೆಸಿದರು. ಮಕ್ಕಳನ್ನು ಕೂರಿಸಿಕೊಂಡು ಲೆಕ್ಕ ಹೇಳಿಕೊಡುವುದೂ ಅಪರಾಧವಾದ ದಿನಗಳವು. ಆ ಅನುಭವದಿಂದಲೇ 1989ರಲ್ಲಿ ಮಕ್ಕಳ ಓದು, ಕಲಿಕೆಗಾಗಿ ದುಡಿಯುವ ತಾಮರ್ ಸಂಸ್ಥೆ ಹುಟ್ಟಿತು. ಮಕ್ಕಳೇ ಕಥೆ ಬರೆದು, ಚಿತ್ರ ಬಿಡಿಸಿ ತಮ್ಮ ಮೊದಲ ಪುಸ್ತಕವನ್ನು ತಯಾರಿಸುವ ಕಾರ್ಯಕ್ರಮವನ್ನು ಅದು ನಡೆಸುತ್ತ ಬಂದಿದೆ. 2009ರಲ್ಲಿ ಅದಕ್ಕೆ ಮಕ್ಕಳ ಸಾಹಿತ್ಯಕ್ಕಾಗಿ ಕೊಡುವ ಆಸ್ಟ್ರಿಡ್ ಲಿಂಡ್‌ಗ್ರೆನ್ ಸ್ಮಾರಕ ಪ್ರಶಸ್ತಿ ಬಂತು. ಬೆತ್ಲೆಹೇಮಿನದೇ ಇನ್ನೊಂದು ಶಿಬಿರವಾದ ದಹೇಶಾದಲ್ಲಿ ಬೆಳೆದ ಹನಾನ್ ಅಲ್ ಹರೂಬ್ 2016ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿಯನ್ನು ಪಡೆದರು. ಗುಂಡಿನ ಸದ್ದಿಗೆ ಬೆದರಿದ ತನ್ನ ಮಕ್ಕಳನ್ನು ಆಟದ ಮೂಲಕ ಮತ್ತೆ ಕಲಿಕೆಗೆ ತಂದ ತಾಯಿ ಆಕೆ. ಅದೇ ಮುಂದೆ ಆಕೆಯ ಬೋಧನಾ ಕ್ರಮವಾಯಿತು. ಮೂವತ್ತೊಂದು ವರ್ಷ ಪಾಠ ಮಾಡಿದ ನಾನು, ಬೆದರಿದ ಮಗುವನ್ನು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರಲು ಬಿಟ್ಟ ದಿನಗಳನ್ನು ನೆನೆದು ತಲೆ ತಗ್ಗಿಸುತ್ತೇನೆ.

ಗಾಜಾದ ಮಾತೆತ್ತಿದಾಗ ಕೇಂದ್ರದ ಶಿಕ್ಷಕಿ ಬಹಳ ಹೊತ್ತು ಮಾತನಾಡಲಿಲ್ಲ. ನಮ್ಮ ಪಿಯುಸಿ ಪರೀಕ್ಷೆಯಂತೆ ಅಲ್ಲಿ ತೌಜೀಹಿ ಎಂಬ ಅಂತಿಮ ಪರೀಕ್ಷೆಯಿದೆ. ಫಲಿತಾಂಶದ ದಿನ ಓಣಿ ಓಣಿಗಳಲ್ಲಿ ಸಿಹಿ ಹಂಚುತ್ತಾರೆ. 2024ರಲ್ಲಿ ಯುದ್ಧದಿಂದಾಗಿ ಗಾಜಾದ ಸುಮಾರು 39 ಸಾವಿರ ವಿದ್ಯಾರ್ಥಿಗಳಿಗೆ ಆ ಪರೀಕ್ಷೆಯೇ ಇರಲಿಲ್ಲ. ಶಾಲೆಗಳು ಆಸರೆಯ ತಾಣಗಳಾಗಿದ್ದವು, ಆ ತಾಣಗಳ ಮೇಲೂ ಬಾಂಬುಗಳು ಬಿದ್ದವು. ಇಷ್ಟಾದ ಮೇಲೆಯೂ ಡೇರೆಗಳಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ ಅಕ್ಷರ ತಿದ್ದಿಸಿದ ಶಿಕ್ಷಕರಿದ್ದಾರೆ. ಅವರನ್ನು ಸಬಲರನ್ನಾಗಿಸುವ ಮಾತನ್ನು ಹೊರಗಿನವರಾದ ನಾವು ಆಡುವಾಗ ಸ್ವಲ್ಪ ತಡೆದು ಆಡಬೇಕು. ಬಲ ಅಲ್ಲಿಯೇ ಇದೆ. ಇಲ್ಲದಿರುವುದು ದಾರಿ, ಪುಸ್ತಕ, ಬಾಂಬು ಬೀಳದ ಒಂದು ಕೋಣೆ.

ಹೊರಡುವ ಮುನ್ನ ಆ ಹುಡುಗಿ ತನ್ನ ನೋಟುಪುಸ್ತಕ ತಂದು, ನನ್ನ ಲಿಪಿಯಲ್ಲಿ ನನ್ನ ಊರಿನ ಹೆಸರನ್ನು ಬರೆಯಲು ಹೇಳಿದಳು. ಬರೆದೆ. ಅದರ ಕೆಳಗೆ ಅವಳದನ್ನೂ ಬರೆದೆ: ಬೈತ್ ನತೀಫ್. ಅವಳು ನನ್ನ ಅಕ್ಷರಗಳನ್ನು ಸ್ವಲ್ಪ ಹೊತ್ತು ದಿಟ್ಟಿಸಿ, ಪೆನ್ಸಿಲು ತೆಗೆದುಕೊಂಡು ನಕಲು ಮಾಡತೊಡಗಿದಳು. ತಮ್ಮ ಅರಬ್ಬಿಯಂತೆ ಬಲಗಡೆಯಿಂದ ಹಿಡಿದು, ಕೊನೆಯ ಫ್ ಅಕ್ಷರವನ್ನು ಮೊದಲು ಬರೆದು, ಒಂದೊಂದನ್ನೇ ಎಡಕ್ಕೆ ಪೋಣಿಸುತ್ತ ಬಂದಳು. ಮುಗಿದಾಗ ನೋಡಿದೆ. ಒಂದು ಅಕ್ಷರವೂ ತಪ್ಪಿರಲಿಲ್ಲ.